ಮೈಯಲ್ಲಿ ಶಕ್ತಿಯೇ ಇಲ್ಲ: ಜೀವಕೋಶಗಳ ಶಕ್ತಿ ಉತ್ಪಾದನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿ ಕಡೆಯ ಜನರು ಎದುರಿಗೆ ಸಿಕ್ಕಾಗ ಕೇಳಿದ, ಪತ್ರ ಬರೆದು ಕೇಳಿದ ಮತ್ತು ಬರೆಹಗಳಿಗೆ ಪ್ರತಿಕ್ರಿಯೆಯಾಗಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಳ್ಳಲಾಗಿದೆ. ಸುಲಭದ ಪ್ರಶ್ನೆಗಳು ಮೊದಲು ಬರುತ್ತವೆ, ಆಳದವು ಕೊನೆಗೆ ಬರುತ್ತವೆ. ಯಾವುದೇ ಉತ್ತರವನ್ನು ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿಯಬೇಕಾದದ್ದು

"ಜೀವಕೋಶದ ಶಕ್ತಿ, ಜೀವಕೋಶದ ಶಕ್ತಿ ಅಂತಾರಲ್ರೀ, ಹಂಗಂದ್ರ ಏನು?"

ನಾವು ಉಂಡ ರೊಟ್ಟಿ, ಅನ್ನ, ಬೇಳೆ, ಎಣ್ಣೆಗಳಲ್ಲಿರುವ ಶಕ್ತಿಯನ್ನು ಸ್ನಾಯುವಾಗಲಿ ಮಿದುಳಾಗಲಿ ಇದ್ದ ಹಾಗೆಯೇ ಬಳಸಲಾರವು. ಅದು ಮೊದಲು ಎಟಿಪಿ ಎಂಬ ಸಣ್ಣ ಅಣುವಿನ ರೂಪಕ್ಕೆ ಬರಬೇಕು. ಕಣ್ಣು ಮಿಟುಕಿಸುವುದರಿಂದ ಹಿಡಿದು ಹೃದಯದ ಬಡಿತದವರೆಗೆ ಎಲ್ಲ ಕೆಲಸಕ್ಕೂ ಖರ್ಚಾಗುವುದು ಈ ಎಟಿಪಿಯೇ. ಇದನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಕಂಡುಹಿಡಿದರು. ಅದೇ ಸುಮಾರಿಗೆ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಅವರೊಡನೆ ಕೆಲಸ ಮಾಡುತ್ತಿದ್ದ, ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರೂ ಸ್ವತಂತ್ರವಾಗಿ ಕಂಡುಹಿಡಿದರು. ಎಟಿಪಿಯ ಪಾಠ ಹೇಳುವಾಗ ಸುಬ್ಬರಾವ್ ಅವರ ಹೆಸರನ್ನೂ ಮರೆಯದೆ ಹೇಳುವ ಶಿಕ್ಷಕರು ಹೆಚ್ಚಾಗಲಿ ಎಂಬುದು ನನ್ನ ಆಸೆ.

ಎಟಿಪಿಯ ಬಹುಪಾಲು ತಯಾರಾಗುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಅತಿ ಸಣ್ಣ ಭಾಗಗಳಲ್ಲಿ. ಒಂದು ಗ್ಲೂಕೋಸ್ ಅಣುವನ್ನು ಆಮ್ಲಜನಕವಿಲ್ಲದೆ ಒಡೆದರೆ ಸಿಗುವುದು ಎರಡೇ ಎಟಿಪಿ. ಮೈಟೊಕಾಂಡ್ರಿಯದಲ್ಲಿ ಆಮ್ಲಜನಕ ಬಳಸಿ ಪೂರ್ತಿ ಒಡೆದರೆ ಸುಮಾರು 30 ಸಿಗುತ್ತವೆ. ಎಟಿಪಿಯನ್ನು ಕೊಬ್ಬಿನಂತೆ ಕೂಡಿಡಲು ಬರುವುದಿಲ್ಲ. ಒಂದು ಕ್ಷಣಕ್ಕೆ ಇಡೀ ದೇಹದಲ್ಲಿರುವುದು ಹೆಚ್ಚೆಂದರೆ ನೂರು ಗ್ರಾಮಿನ ಆಸುಪಾಸು; ಅದನ್ನೇ ಒಡೆದು, ಮತ್ತೆ ಕಟ್ಟಿ, ದಿನವೊಂದಕ್ಕೆ ನಮ್ಮ ತೂಕದಷ್ಟು ಎಟಿಪಿಯನ್ನು ದೇಹವು ಬಳಸಿಬಿಡುತ್ತದೆ. ಆದುದರಿಂದ ಈ ತಯಾರಿಕೆ ಸ್ವಲ್ಪ ನಿಧಾನವಾದರೂ ಅದು ಮೊದಲು ಗೊತ್ತಾಗುವುದು ಸದಾ ದುಡಿಯುವ ಅಂಗಗಳಿಗೆ, ಎಂದರೆ ಸ್ನಾಯು, ಮಿದುಳು, ಹೃದಯ ಮತ್ತು ಕಣ್ಣುಗಳಿಗೆ.

"ಉಣ್ಣೂದು ಹೊಟ್ಟಿತುಂಬ ಉಣತೀನಿ. ಆದ್ರೂ ಮೈಯಾಗ ತ್ರಾಣ ಯಾಕ ಇಲ್ಲ?"

ಉಂಡದ್ದು ಎಟಿಪಿ ಆಗುವವರೆಗೆ ಬಹಳ ಹಂತಗಳಿವೆ, ಮತ್ತು ಅವುಗಳಲ್ಲಿ ಯಾವುದೊಂದು ನಿಂತರೂ ಮುಂದಿನ ಕೆಲಸ ನಿಲ್ಲುತ್ತದೆ. ಇದನ್ನು ನಮ್ಮ ಕಡೆಯ ರೈತರು ಕಣ್ಣಾರೆ ಕಂಡಿರುತ್ತಾರೆ. ಜೋಳ ಕೊಯ್ದ ಮೇಲೆ ಕೂಳೆಯಲ್ಲಿ ಚಿಗುರಿದ ಎಳೆಯ ಗರಿಯನ್ನೋ, ಮಳೆಯಿಲ್ಲದೆ ಬಾಡಿದ ಎಳೆ ಜೋಳವನ್ನೋ ಮೇಯ್ದ ಆಕಳು ಸ್ವಲ್ಪ ಹೊತ್ತಿನಲ್ಲಿಯೇ ಏದುಸಿರು ಬಿಟ್ಟು, ನಡುಗಿ, ನೆಲಕ್ಕೆ ಬೀಳುತ್ತದೆ. ಆ ಚಿಗುರಿನಲ್ಲಿರುವ ಧುರಿನ್ ಎಂಬ ವಸ್ತುವಿನಿಂದ ಹೊಟ್ಟೆಯಲ್ಲಿ ಸಯನೈಡ್ ಬಿಡುಗಡೆಯಾಗುತ್ತದೆ, ಮತ್ತು ಅದು ಮೈಟೊಕಾಂಡ್ರಿಯದಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳುವ ಕೊನೆಯ ಕಿಣ್ವವನ್ನು (ರಾಸಾಯನಿಕ ಕ್ರಿಯೆ ನಡೆಸಿಕೊಡುವ ಪ್ರೋಟೀನನ್ನು) ಹಿಡಿದು ನಿಲ್ಲಿಸುತ್ತದೆ. ಆ ಹೊತ್ತಿನಲ್ಲಿ ಆಕಳ ಹೊಟ್ಟೆಯಲ್ಲಿ ಮೇವಿರುತ್ತದೆ, ರಕ್ತದಲ್ಲಿ ಆಮ್ಲಜನಕವೂ ಇರುತ್ತದೆ. ಹೃದಯಕ್ಕೆ ಮರಳುವ, ಸಾಮಾನ್ಯವಾಗಿ ಕಪ್ಪಗಿರಬೇಕಾದ ಅಭಿಧಮನಿಯ ರಕ್ತವೂ ಕೆಂಪಗೆ ಹೊಳೆಯುತ್ತದೆ, ಏಕೆಂದರೆ ಅದರೊಳಗಿನ ಆಮ್ಲಜನಕವನ್ನು ಜೀವಕೋಶಗಳು ತೆಗೆದುಕೊಂಡೇ ಇಲ್ಲ. ಪಶುವೈದ್ಯರು ಬೇಗ ಬಂದು ಸೋಡಿಯಂ ನೈಟ್ರೈಟ್ ಮತ್ತು ಥಯೋಸಲ್ಫೇಟ್ ಚುಚ್ಚಿದರೆ ದನ ಎದ್ದು ನಿಲ್ಲುವುದುಂಟು.

ಮನುಷ್ಯರ ದಿನನಿತ್ಯದ ನಿತ್ರಾಣದಲ್ಲಿ ಹೀಗೆ ಏಕಾಏಕಿ ಎಲ್ಲವೂ ನಿಲ್ಲುವುದಿಲ್ಲ. ಎಲ್ಲೋ ಒಂದು ಕಡೆ ಕೊರತೆಯಾಗಿ ಕೆಲಸ ಕುಂಟುತ್ತದೆ. ಆಮ್ಲಜನಕ ಹೊರುವ ರಕ್ತ ಕಡಿಮೆಯಿರಬಹುದು, ಕಿಣ್ವಗಳಿಗೆ ಬೇಕಾದ ಕಬ್ಬಿಣ ಅಥವಾ ಬಿ ಗುಂಪಿನ ಜೀವಸತ್ವ ಸಾಲದಿರಬಹುದು, ಥೈರಾಯ್ಡ್‌ನ ಪ್ರಚೋದನೆ ಇಲ್ಲದಿರಬಹುದು, ಮಧುಮೇಹದಿಂದಾಗಿ ಗ್ಲೂಕೋಸ್ ಜೀವಕೋಶದ ಹೊರಗೇ ಉಳಿದಿರಬಹುದು, ಅಥವಾ ವರ್ಷಗಟ್ಟಲೆ ಕುಳಿತೇ ಇದ್ದುದರಿಂದ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯಗಳೇ ಕಡಿಮೆಯಾಗಿರಬಹುದು. ಎಲ್ಲಿ ಕೊರತೆಯಿದೆ ಎಂದು ಗೊತ್ತಾಗದೆ ಶಕ್ತಿಯ ಔಷಧ ಕೊಳ್ಳುವುದರಲ್ಲಿ ಅರ್ಥವಿಲ್ಲ.

"ಸುಸ್ತು ಅಂದರೆಲ್ಲ ಮೈಟೊಕಾಂಡ್ರಿಯದ ತೊಂದರೆಯೇ?"

ಅಲ್ಲ. ಖಿನ್ನತೆ, ನಿದ್ರೆಗೇಡು, ಕ್ಷಯದಂತಹ ಸೋಂಕು, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆ, ಹೃದಯದ ತೊಂದರೆ, ಕೆಲವು ಔಷಧಗಳು ಎಲ್ಲವೂ ಸುಸ್ತು ತರುತ್ತವೆ. ಸುಸ್ತಿನ ಜೊತೆಗೆ ತೂಕ ಇಳಿಯುವುದು, ಸಂಜೆಯ ಜ್ವರ, ರಾತ್ರಿ ಬೆವರು, ಮಲದಲ್ಲಿ ರಕ್ತ, ಮಲಗಿದಾಗ ಉಸಿರು ಕಟ್ಟುವುದು ಇವುಗಳಲ್ಲಿ ಯಾವುದಿದ್ದರೂ ಈ ಪುಟವನ್ನು ಇಲ್ಲಿಗೇ ಬಿಟ್ಟು ಮೊದಲು ವೈದ್ಯರನ್ನು ಕಾಣಬೇಕು. ಯಾವುದರಲ್ಲೂ ಮನಸ್ಸಿಲ್ಲ, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬರುವುದಿಲ್ಲ ಎನ್ನುವವರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಹೋಗಲು ಹಿಂಜರಿಯಬೇಕಾಗಿಲ್ಲ. ಅದು ಹುಚ್ಚರ ಆಸ್ಪತ್ರೆ ಎಂಬ ಹಳೆಯ ಮಾತು ಈಗಲೂ ಬಹಳ ಜನರನ್ನು ಚಿಕಿತ್ಸೆಯಿಂದ ದೂರ ಇಟ್ಟಿದೆ.

## ಕಾರಣ ಹುಡುಕುವಾಗ

"ಯಾವ ಯಾವ ರಕ್ತ ತಪಾಸಣೆ ಮಾಡಿಸಬೇಕು? ಎಲ್ಲ ಸೇರಿಸಿ ಪ್ಯಾಕೇಜ್ ಮಾಡಿಸಿಬಿಡಲೇ?"

ದೊಡ್ಡ ಪ್ಯಾಕೇಜು ಬೇಡ. ಎರಡು ಮೂರು ವಾರ ದಾಟಿದರೂ ಹೋಗದ ಸುಸ್ತಿಗೆ ಸಾಮಾನ್ಯವಾಗಿ ಸಾಕಾಗುವುದು ರಕ್ತಕಣಗಳ ಪೂರ್ಣ ಎಣಿಕೆ, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ಟಿಎಸ್‌ಎಚ್ (ಥೈರಾಯ್ಡ್ ಸಾಲದಾದಾಗ ಏರುವ ಹಾರ್ಮೋನು), ರಕ್ತದ ಸಕ್ಕರೆ ಅಥವಾ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಮತ್ತು ಯಕೃತ್ತಿನ ಪರೀಕ್ಷೆ. ಉಳಿದದ್ದನ್ನು ನಿಮ್ಮನ್ನು ಮುಟ್ಟಿ ನೋಡಿದ ವೈದ್ಯರು ನಿರ್ಧರಿಸಲಿ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲಿಯೂ, ಗದಗ ಮತ್ತು ಹಾವೇರಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿಯೂ ಮೆಡಿಸಿನ್ ವಿಭಾಗಕ್ಕೆ ಚೀಟಿ ಮಾಡಿಸಿದರೆ ಈ ಹಾದಿಯಲ್ಲಿಯೇ ತಪಾಸಣೆ ಆರಂಭವಾಗುತ್ತದೆ. ಬೆರಳಿಗೆ ಯಂತ್ರ ಹಚ್ಚಿ "ನಿಮ್ಮ ಜೀವಕೋಶದ ಶಕ್ತಿ ಶೇಕಡಾ ಇಷ್ಟು" ಎಂದು ಹೇಳುವವರಿಗೆ ಹಣ ಕೊಡಬೇಡಿ. ಹಾಗೆ ಅಳೆಯುವ ಯಂತ್ರ ಇಲ್ಲ.

"ಹಿಮೋಗ್ಲೋಬಿನ್ 12.4 ಐತಿ, ರಕ್ತ ಸರಿ ಐತಿ ಅಂದ್ರು. ಆದ್ರ ಮೆಟ್ಟಲ ಹತ್ತಿದ್ರ ಕಾಲು ಸೋತು ಬರತಾವ. ಯಾಕ್ರೀ?"

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಗರ್ಭಿಣಿಯಲ್ಲದ ಮಹಿಳೆಗೆ 12ಕ್ಕಿಂತ ಕಡಿಮೆ, ಗಂಡಸಿಗೆ 13ಕ್ಕಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ರಕ್ತಹೀನತೆ. ಹಾಗೆ ನೋಡಿದರೆ ಮಹಿಳೆಯಾದ ನಿಮ್ಮದು ಸರಿಯಾಗಿಯೇ ಇದೆ. ಆದರೆ ಕಬ್ಬಿಣದ ಕೆಲಸ ರಕ್ತಕ್ಕಷ್ಟೇ ಸೀಮಿತವಲ್ಲ. ಮೈಟೊಕಾಂಡ್ರಿಯದಲ್ಲಿ ಆಹಾರದಿಂದ ಬಂದ ಎಲೆಕ್ಟ್ರಾನುಗಳನ್ನು ಒಂದರಿಂದ ಒಂದಕ್ಕೆ ದಾಟಿಸಿ ಎಟಿಪಿ ತಯಾರಿಗೆ ದಾರಿ ಮಾಡುವ ಕಿಣ್ವಗಳ ನಡುವಿನಲ್ಲಿಯೂ ಕಬ್ಬಿಣವೇ ಕುಳಿತಿದೆ. ವಿಚಿತ್ರವೆಂದರೆ ಆಮ್ಲಜನಕ ಹೊರುವ ಕೆಂಪು ರಕ್ತಕಣಕ್ಕೆ ತನ್ನದೆಂಬ ಮೈಟೊಕಾಂಡ್ರಿಯವೇ ಇಲ್ಲ. ಅದು ಹೊತ್ತು ತಂದದ್ದೆಲ್ಲ ಬೇರೆ ಕೋಶಗಳಿಗೆ. ಕಬ್ಬಿಣ ಸಾಲದಾದಾಗ ದೇಹವು ಸಿಕ್ಕಿದ್ದನ್ನು ಮೊದಲು ರಕ್ತ ತಯಾರಿಸಲು ಕೊಡುತ್ತದೆಯಾದ್ದರಿಂದ ಹಿಮೋಗ್ಲೋಬಿನ್ ಇಳಿಯುವುದಕ್ಕೆ ಮುಂಚೆಯೇ ದಾಸ್ತಾನು ಬರಿದಾಗಿರುತ್ತದೆ.

ಈ ದಾಸ್ತಾನನ್ನು ತೋರಿಸುವುದು ಫೆರಿಟಿನ್. ಅದು 30ಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದೇ ಬಹಳ ವೈದ್ಯರು ತಿಳಿಯುತ್ತಾರೆ, 15ಕ್ಕಿಂತ ಕಡಿಮೆಯಿದ್ದರೆ ಅನುಮಾನವೇ ಇಲ್ಲ. ಮೈಯಲ್ಲಿ ಸೋಂಕು ಅಥವಾ ಉರಿಯೂತ ಇದ್ದಾಗ ಮಾತ್ರ ಫೆರಿಟಿನ್ ಸುಳ್ಳೇ ಏರುತ್ತದೆ ಎಂಬುದನ್ನು ನೆನಪಿಡಬೇಕು. ರಕ್ತಹೀನತೆ ಇಲ್ಲದಿದ್ದರೂ ಫೆರಿಟಿನ್ ಕಡಿಮೆಯಿದ್ದ ಮಹಿಳೆಯರಿಗೆ ಕಬ್ಬಿಣದ ಗುಳಿಗೆ ಕೊಟ್ಟಾಗ ದಣಿವು ಇಳಿದದ್ದನ್ನು ಪ್ರಯೋಗಗಳು ತೋರಿಸಿವೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ದಾಸ್ತಾನು ಮಾತ್ರ ಬರಿದಾದವರು ಈ ಎಣಿಕೆಗೆ ಹೊರಗೇ ಉಳಿಯುತ್ತಾರೆ.

ಗುಳಿಗೆ ತೆಗೆದುಕೊಳ್ಳುವ ರೀತಿಯಲ್ಲಿಯೂ ತಪ್ಪಾಗುತ್ತದೆ. ಒಂದು ಗುಳಿಗೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಮರುದಿನದವರೆಗೂ ಕಬ್ಬಿಣ ಒಳಗೆ ಹೋಗದಂತೆ ತಡೆಯುವುದರಿಂದ, ದಿನ ಬಿಟ್ಟು ದಿನ ತೆಗೆದುಕೊಂಡರೂ ನಡೆಯುತ್ತದೆ, ಹೊಟ್ಟೆಯ ತೊಂದರೆಯೂ ಕಡಿಮೆ. ಊಟವಾದ ಕೂಡಲೇ ಚಹಾ ಕುಡಿಯುವ ನಮ್ಮ ರೂಢಿ ಕಬ್ಬಿಣದ ಶತ್ರು. ಒಂದೆರಡು ತಾಸಾದರೂ ಅಂತರವಿರಲಿ. ಮಲ ಕಪ್ಪಗಾಗುವುದು ಗುಳಿಗೆಯ ಬಣ್ಣ, ಹೆದರಬೇಕಾಗಿಲ್ಲ. ಆದರೆ ಗಂಡಸರಲ್ಲಿ, ಮುಟ್ಟು ನಿಂತ ಮಹಿಳೆಯರಲ್ಲಿ ಕಬ್ಬಿಣ ಕಡಿಮೆಯಾಗಿದ್ದರೆ ಗುಳಿಗೆ ಕೊಟ್ಟು ಸುಮ್ಮನಾಗುವಂತಿಲ್ಲ. ಹೊಟ್ಟೆ ಅಥವಾ ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ನೋಡಲೇಬೇಕು.

"ನಾವು ಶಾಖಾಹಾರಿಗಳು, ದಿನಾ ಮೊಸರು ಉಣತೇವಿ. ನಮಗೂ ಬಿ12 ಕಡಿಮಿ ಆಗತೈತೇನ್ರೀ?"

ಆಗುತ್ತದೆ. ಬಿ12 ಗಿಡಗಳಲ್ಲಿ ಇಲ್ಲ. ಶಾಖಾಹಾರಿಗಳಿಗೆ ಅದು ಸಿಗುವುದು ಹಾಲು, ಮೊಸರಿನಿಂದಲೇ. ದಿನಕ್ಕೆ ಬೇಕಾದದ್ದು 2ರಿಂದ 2.5 ಮೈಕ್ರೋಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಇರುತ್ತದೆ. ಮೊಸರು ಉಣ್ಣುತ್ತೇನೆ ಎನ್ನುವವರ ತಾಟನ್ನು ನೋಡಿದರೆ ಬಹಳ ಸಲ ಅದು ಎರಡು ಚಮಚ ಮೊಸರು, ಇಲ್ಲವೇ ನೀರೇ ಹೆಚ್ಚಿರುವ ಮಜ್ಜಿಗೆ. ಅದರ ಮೇಲೆ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಎದೆಯುರಿಗೆ ದಿನಾ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಿದ್ದರೆ, ಅಷ್ಟಿಷ್ಟು ಸಿಕ್ಕದ್ದೂ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಕೆಲವು ಕೊಬ್ಬು ಮತ್ತು ಅಮೈನೋ ಆಮ್ಲಗಳ ತುಣುಕುಗಳು ಮೈಟೊಕಾಂಡ್ರಿಯದೊಳಗೆ ಆಹಾರವನ್ನು ಒಡೆಯುವ ಕ್ರಿಯೆಗಳ ಚಕ್ರಕ್ಕೆ ಸೇರಲು ಬಿ12 ಬೇಕು, ರಕ್ತಕಣ ಬೆಳೆಯಲು ಬೇಕು, ನರಗಳ ಹೊದಿಕೆಗೂ ಬೇಕು. ಅಂಗಾಲು ಉರಿ, ಕೈಕಾಲು ಜೋಮು, ಕತ್ತಲಲ್ಲಿ ನಡೆಯುವಾಗ ತೂರಾಟ ಇವು ಅದರ ಲಕ್ಷಣಗಳು, ಮತ್ತು ನರದ ಹಾನಿ ಬಹಳ ದಿನ ಉಳಿದರೆ ಪೂರ್ತಿ ವಾಸಿಯಾಗದು. ಬರೀ ಫೋಲಿಕ್ ಆಮ್ಲ ನುಂಗಿದರೆ ರಕ್ತ ಸುಧಾರಿಸಿದಂತೆ ಕಂಡು ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಸ್ಪಿರುಲಿನಾ ಎಂಬ ಪಾಚಿಯಲ್ಲಿ ಇರುವುದು ಹೆಚ್ಚಾಗಿ ದೇಹಕ್ಕೆ ಉಪಯೋಗವಾಗದ ಬಿ12ರ ಹೋಲಿಕೆಯ ವಸ್ತು, ಅದನ್ನು ನಂಬಬೇಡಿ. ಕೊರತೆ ಖಚಿತವಾದರೆ ಗುಳಿಗೆ ಅಥವಾ ಇಂಜೆಕ್ಷನ್ನಿನಿಂದ ತುಂಬಿಸುವುದು ಸುಲಭ.

"ಥೈರಾಯ್ಡ್ ಗುಳಿಗಿ ದಿನಾ ತಗೋತೀನಿ, ಆದರೂ ಟಿಎಸ್‌ಎಚ್ ಇಳಿವಲ್ದು, ಸುಸ್ತೂ ಹೋಗವಲ್ದು."

ಮೈಟೊಕಾಂಡ್ರಿಯಗಳು ಎಷ್ಟು ಚುರುಕಾಗಿ ಕೆಲಸ ಮಾಡಬೇಕೆಂದು ಹೇಳುವ ಮುಖ್ಯ ಹಾರ್ಮೋನು ಥೈರಾಯ್ಡಿನದೇ. ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಚಹಾ ಮತ್ತು ನಾಷ್ಟಾಕ್ಕೆ ಅರ್ಧ ತಾಸಿನಿಂದ ಒಂದು ತಾಸು ಅಂತರ ಕೊಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗೆ ನಾಲ್ಕು ತಾಸಿನ ಅಂತರ ಬೇಕು. ಎಲ್ಲ ಗುಳಿಗೆಯನ್ನೂ ಒಂದೇ ಗುಟುಕಿಗೆ ನುಂಗುವವರಲ್ಲಿ ಡೋಸು ಏರಿಸುತ್ತಾ ಹೋದರೂ ಟಿಎಸ್‌ಎಚ್ ಇಳಿಯದಿರುವುದು ಸಾಮಾನ್ಯ.

## ಸುಧಾರಿಸಿಕೊಳ್ಳುವ ಬಗೆ

"ಸುಸ್ತಾದಾಗ ಒಂದ್ ಸಲಾಯಿನ್ ಹಚ್ಚಿಸಿಕೊಂಡ್ರ ಶಕ್ತಿ ಬರತೈತಲ್ರೀ?"

ಈ ಪ್ರಶ್ನೆಯನ್ನು ಕೇಳದ ಊರಿಲ್ಲ. ಲೆಕ್ಕ ನೋಡಿ. ಶೇಕಡಾ 5ರ ಗ್ಲೂಕೋಸ್ ಇರುವ ಅರ್ಧ ಲೀಟರ್ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ. ಅದರಿಂದ ಸಿಗುವುದು ನೂರು ಕ್ಯಾಲರಿಗಿಂತ ಕಡಿಮೆ, ಎಂದರೆ ಒಂದು ಬಾಳೆಹಣ್ಣಿನಷ್ಟು. ಬರೀ ಉಪ್ಪುನೀರಿನ ಬಾಟಲಿಯಾದರೆ ಒಂದು ಕ್ಯಾಲರಿಯೂ ಇಲ್ಲ, ಬದಲಿಗೆ 4.5 ಗ್ರಾಂ ಉಪ್ಪು ಇರುತ್ತದೆ, ಅದು ಬಿಪಿ ಮತ್ತು ಹೃದಯದ ತೊಂದರೆ ಇರುವವರಿಗೆ ಭಾರವಾಗುತ್ತದೆ. ಬಾಟಲಿಗೆ ಬಿ ಕಾಂಪ್ಲೆಕ್ಸ್ ಸೇರಿಸಿದಾಗ ನೀರು ಹಳದಿಯಾಗುತ್ತದೆ. ಆ ಬಣ್ಣ ರೈಬೋಫ್ಲೇವಿನ್ನಿನದು, ಹೆಚ್ಚಾದದ್ದು ಸಂಜೆಯೊಳಗೆ ಮೂತ್ರದಲ್ಲಿ ಹೋಗಿಬಿಡುತ್ತದೆ. ವಾಂತಿಭೇದಿಯಿಂದ ನೀರು ಕಳೆದುಕೊಂಡವರಿಗೆ ಸಲಾಯಿನ್ ಪ್ರಾಣ ಉಳಿಸುವ ಚಿಕಿತ್ಸೆಯೆಂಬುದು ನಿಜ. ನಿತ್ರಾಣಕ್ಕೆ ಅದು ಚಿಕಿತ್ಸೆಯಲ್ಲ. ಹಚ್ಚಿಸಿಕೊಂಡ ದಿನ ಹಗುರವೆನಿಸುವುದರಲ್ಲಿ ಎರಡು ತಾಸು ಯಾರ ಗೊಡವೆಯೂ ಇಲ್ಲದೆ ಮಲಗಿದ್ದರ ಪಾಲೂ ಇದೆ ಎಂದು ನನಗೆ ಅನಿಸುತ್ತದೆ, ವಿಶೇಷವಾಗಿ ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ.

ಒಂದು ಸಂದರ್ಭದಲ್ಲಂತೂ ಇದು ಅಪಾಯ. ಬಹಳ ಕುಡಿಯುವವರಲ್ಲಿ, ದಿನಗಟ್ಟಲೆ ಊಟ ಬಿಟ್ಟವರಲ್ಲಿ ಥಯಮಿನ್, ಅಂದರೆ ಬಿ1, ಬರಿದಾಗಿರುತ್ತದೆ. ಗ್ಲೂಕೋಸಿನಿಂದ ಬಂದ ಪೈರುವೇಟ್ ಮೈಟೊಕಾಂಡ್ರಿಯದಲ್ಲಿ ಮುಂದಿನ ಹಂತಕ್ಕೆ ಸಾಗಲು ಬಿ1 ಬೇಕೇ ಬೇಕು. ಅದಿಲ್ಲದಾಗ ರಕ್ತಕ್ಕೆ ಗ್ಲೂಕೋಸ್ ಸುರಿದರೆ ಉಳಿದಿದ್ದ ಬಿ1 ಕೂಡ ಮುಗಿದು, ಗೊಂದಲ, ಕಣ್ಣಿನ ಚಲನೆಯಲ್ಲಿ ತೊಡಕು, ತೂರಾಟ ಕಾಣಿಸಿಕೊಳ್ಳಬಹುದು. ಆದ್ದರಿಂದ ಅಂಥವರಿಗೆ ಥಯಮಿನ್ ಕೊಡುವುದನ್ನು ಮರೆಯಬಾರದು ಎಂಬುದು ವೈದ್ಯರ ಪಾಠ.

"ಜೋಳದ ರೊಟ್ಟಿ ಗಟ್ಟಿ ಊಟ ಅಂತಾರ. ಮತ್ತ ಬ್ಯಾರೆ ಏನ್ ಸೇರಿಸಬೇಕು?"

ರೊಟ್ಟಿ ಒಳ್ಳೆಯದು, ರೊಟ್ಟಿಯೊಂದೇ ಸಾಲದು. ಇದಕ್ಕೆ ನಮ್ಮ ದಖ್ಖಣದ್ದೇ ಚರಿತ್ರೆಯಿದೆ. 1960ರ ಸುಮಾರಿಗೆ ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಬಹುಪಾಲು ಜೋಳವನ್ನೇ ಉಂಡು ಬದುಕುತ್ತಿದ್ದ ಬಡವರಲ್ಲಿ ಪೆಲಗ್ರಾ ಕಾಯಿಲೆಯನ್ನು ಗುರುತಿಸಿದರು: ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮಂಕು. ಅದು ನಯಾಸಿನ್, ಅಂದರೆ ಬಿ3ರ ಕೊರತೆ. ಈ ನಯಾಸಿನ್‌ನಿಂದಲೇ ದೇಹವು ಎನ್‌ಎಡಿ ತಯಾರಿಸುತ್ತದೆ, ಮತ್ತು ಆಹಾರದಿಂದ ಕಿತ್ತ ಎಲೆಕ್ಟ್ರಾನುಗಳನ್ನು ಮೈಟೊಕಾಂಡ್ರಿಯಕ್ಕೆ ಮುಟ್ಟಿಸುವುದು ಎನ್‌ಎಡಿ. ಊಟದಲ್ಲಿ ಬೇಳೆ, ಕಾಳು, ಹಾಲು, ಶೇಂಗಾ ಸೇರಿದ ಹಾಗೆ ಆ ಕಾಯಿಲೆ ಅಪರೂಪವಾಯಿತು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಯಾಸಿನ್ ಇದೆ, ಮೆಗ್ನೀಸಿಯಂ ಕೂಡ ಚೆನ್ನಾಗಿದೆ. ಜೀವಕೋಶದಲ್ಲಿ ಎಟಿಪಿ ಕೆಲಸ ಮಾಡುವುದು ಮೆಗ್ನೀಸಿಯಂ ಜೊತೆ ಸೇರಿಯೇ. ಹೀಗಾಗಿ ರೊಟ್ಟಿಯ ಪಕ್ಕದ ಶೇಂಗಾ ಚಟ್ನಿಯನ್ನು ಬಾಯಿರುಚಿಗೆಂದು ಮಾತ್ರ ತಿಳಿಯಬಾರದು.

ಜೋಳದಲ್ಲಿ ಕಬ್ಬಿಣವಿದ್ದರೂ ಅದರಲ್ಲಿನ ಫೈಟೇಟ್ ಅದನ್ನು ಕಟ್ಟಿಹಾಕುತ್ತದೆ. ಹಸಿ ತರಕಾರಿ ಮತ್ತು ಲಿಂಬೆಯ ಸಿ ಜೀವಸತ್ವ ಆ ಕಟ್ಟನ್ನು ಸಡಿಲಿಸುತ್ತದೆ. ನಮ್ಮ ಕಡೆ ತಾಟಿನ ಅಂಚಿಗೆ ಹಕ್ಕರಕಿ, ಮೆಂತ್ಯದ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿಯನ್ನು ಹಸಿಯಾಗಿಯೇ ಇಟ್ಟುಕೊಂಡು ಉಣ್ಣುವ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದ್ದು. ಮೇಲೆ ಅರ್ಧ ಲಿಂಬೆ ಹಿಂಡಿಕೊಂಡರೆ ಇನ್ನೂ ಒಳ್ಳೆಯದು. ಮಡಿಕೆ, ಹೆಸರು, ಅಲಸಂದಿ ಕಾಳುಗಳನ್ನು ಮೊಳಕೆ ಬರಿಸಿ ಪಲ್ಯ ಮಾಡಿದರೆ ಫೈಟೇಟ್ ಕಡಿಮೆಯಾಗುತ್ತದೆ. ಮಾಂಸ, ಮೊಟ್ಟೆ ತಿನ್ನುವವರಿಗೆ ಕಬ್ಬಿಣ ಮತ್ತು ಬಿ12 ಎರಡೂ ಸುಲಭ. ಚುರುಮುರಿ, ಮಿರ್ಚಿಭಜಿ ಮತ್ತು ನಾಲ್ಕು ಕಪ್ ಚಹಾದ ಮೇಲೆ ಸಂಜೆ ತಳ್ಳುವವರಿಗೆ ಕ್ಯಾಲರಿ ಸಾಕಷ್ಟು ಸಿಗುತ್ತದೆ, ಮೇಲೆ ಹೇಳಿದ ಯಾವುದೂ ಸಾಕಷ್ಟು ಸಿಗುವುದಿಲ್ಲ.

"ಶಕ್ತಿ ಇಲ್ಲದವರಿಗೆ ನಡೆಯಿರಿ ಎನ್ನುತ್ತೀರಲ್ಲ, ಇದು ಯಾವ ನ್ಯಾಯ?"

1967ರಲ್ಲಿ ಅಮೆರಿಕದ ಜಾನ್ ಹೊಲೊಸಿ ಇಲಿಗಳನ್ನು ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯದ ಕಿಣ್ವಗಳು ಸುಮಾರು ಎರಡು ಪಟ್ಟಾದುದನ್ನು ತೋರಿಸಿದರು. ಮನುಷ್ಯರಲ್ಲಿಯೂ ಹಾಗೆಯೇ ಹೆಚ್ಚಳವಾಗುತ್ತದೆ. ಸ್ನಾಯು ತನ್ನಲ್ಲಿರುವ ಎಟಿಪಿಗಿಂತ ಹೆಚ್ಚು ಬೇಕೆಂದು ಮತ್ತೆ ಮತ್ತೆ ಕೇಳಿದಾಗ, ಜೀವಕೋಶ ಹೊಸ ಮೈಟೊಕಾಂಡ್ರಿಯ ಕಟ್ಟಿಕೊಳ್ಳುತ್ತದೆ. ಬದಲಾವಣೆ ಕೆಲವು ವಾರಗಳಲ್ಲಿ ಆರಂಭವಾಗುತ್ತದೆ; ಬಿಟ್ಟುಬಿಟ್ಟರೆ ಕೆಲವೇ ವಾರಗಳಲ್ಲಿ ಇಳಿಯುತ್ತದೆ ಕೂಡ. ಇಷ್ಟು ಖಚಿತವಾಗಿ ಮೈಟೊಕಾಂಡ್ರಿಯ ಹೆಚ್ಚಿಸುವ ಗುಳಿಗೆ ಇನ್ನೂ ಬಂದಿಲ್ಲ.

ವಾರಕ್ಕೆ 150 ನಿಮಿಷದಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಣಕಲ್ ಕೆರೆಯ ದಂಡೆಯ ಮೇಲೆ ಜೊತೆಯವರೊಡನೆ ಮಾತಾಡಲು ಬರಬೇಕು, ಹಾಡಲು ಬರಬಾರದು: ಅದೇ ಮಧ್ಯಮ ವೇಗ. ಮೊದಲ ವಾರವೇ ನೃಪತುಂಗ ಬೆಟ್ಟ ಹತ್ತಬೇಕಾಗಿಲ್ಲ. ಹತ್ತು ನಿಮಿಷದಿಂದ ಆರಂಭಿಸಿ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿದರೆ ಸಾಕು. ರಕ್ತಹೀನತೆ ಇರುವವರು ಅದನ್ನು ಸರಿಪಡಿಸಿಕೊಳ್ಳುತ್ತಲೇ ನಿಧಾನವಾಗಿ ಏರಿಸಬೇಕು. ನಡೆಯುವಾಗ ಎದೆ ಬಿಗಿದರೆ ಅಲ್ಲಿಗೇ ನಿಲ್ಲಿಸಿ ಹೃದಯದ ತಪಾಸಣೆ ಮಾಡಿಸಬೇಕು.

"ದಿನವೆಲ್ಲ ಹೊಲದಾಗ ದುಡಿತೀವಿ, ರಾತ್ರಿ ಕರೆಂಟ್ ಬಂದಾಗ ನೀರು ಹಾಯಿಸಾಕ ಹೋಗತೀವಿ. ನಮಗೂ ವಾಕಿಂಗ್ ಬೇಕೇನ್ರೀ?"

ನಿಮಗೆ ವಾಕಿಂಗ್ ಬೇಡ, ನಿದ್ದೆ ಬೇಕು. ಕಳೆ ತೆಗೆಯುವವರಿಗೆ, ಮೆಣಸಿನಕಾಯಿ ಬಿಡಿಸುವವರಿಗೆ, ಗೊಬ್ಬರ ಹೊರುವವರಿಗೆ ವ್ಯಾಯಾಮದ ಉಪದೇಶ ಮಾಡುವುದು ಸರಿಯಲ್ಲ. ಮೂರು ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದಾಗ ನಡುರಾತ್ರಿ ಎದ್ದು ಮೋಟಾರು ಹಾಕಿ, ಬದುವಿನ ಮೇಲೆ ಬ್ಯಾಟರಿ ಹಿಡಿದು ನಿಲ್ಲುವ ರೈತನ ದೇಹದ ಗಡಿಯಾರ ಕೆಡುತ್ತದೆ. ರಾತ್ರಿ ಪಾಳಿಯವರಲ್ಲಿ ಗ್ಲೂಕೋಸನ್ನು ಬಳಸಿಕೊಳ್ಳುವ ಸಾಮರ್ಥ್ಯ ಇಳಿಯುವುದು ಚೆನ್ನಾಗಿ ಸಾಬೀತಾದ ಸಂಗತಿ. ಮೊಬೈಲ್‌ನಿಂದ ನಡೆಯುವ ಸ್ಟಾರ್ಟರ್ ಹಾಕಿಸುವುದು, ಹಗಲು ನಡೆಯುವ ಸೌರ ಪಂಪ್‌ಸೆಟ್‌ಗೆ ಅರ್ಜಿ ಹಾಕುವುದು, ಪಾಳಿಯ ವಾರದಲ್ಲಿ ಮಧ್ಯಾಹ್ನ ಒಂದೂವರೆ ತಾಸು ಕತ್ತಲ ಕೋಣೆಯಲ್ಲಿ ಮಲಗುವುದು ಇವು ಯಾವ ಟಾನಿಕ್‌ಗಿಂತಲೂ ಹೆಚ್ಚು ಕೆಲಸ ಮಾಡುತ್ತವೆ. ಎಂಟು ತಾಸು ಮಲಗಿದರೂ ದಣಿವಾರದೆ, ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳಿದರೆ ನಿದ್ರೆಯ ತಪಾಸಣೆ ಮಾಡಿಸಬೇಕು.

"ಕೋಎನ್‌ಜೈಮ್ ಕ್ಯೂ10, ಎನ್‌ಎಡಿ, ಕ್ರಿಯಾಟಿನ್ ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು?"

ಕ್ಯೂ10 ಅನ್ನು 1957ರಲ್ಲಿ ಫ್ರೆಡರಿಕ್ ಕ್ರೇನ್ ಮತ್ತು ಸಂಗಡಿಗರು ದನದ ಹೃದಯದ ಮೈಟೊಕಾಂಡ್ರಿಯದಿಂದ ಬೇರ್ಪಡಿಸಿದರು. ಅದು ಎಲೆಕ್ಟ್ರಾನ್ ಸಾಗಿಸುವ ಸರಪಳಿಯ ಒಂದು ಕೊಂಡಿ ಎಂಬುದು ನಿಜ, ಆದರೆ ಆರೋಗ್ಯವಂತ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹುಟ್ಟಿನಿಂದಲೇ ಅದರ ಕೊರತೆಯಿರುವ ಅಪರೂಪದ ಮಕ್ಕಳಿಗೆ ಅದು ದೊಡ್ಡ ಔಷಧ. ಸಾಮಾನ್ಯ ಸುಸ್ತಿಗೆ ಅದರ ಪುರಾವೆ ದುರ್ಬಲ. ರಕ್ತನಾಳಕ್ಕೆ ಎನ್‌ಎಡಿ ಡ್ರಿಪ್ ಹಾಕಿಸಿಕೊಳ್ಳುವುದು ಈಗಿನ ದೊಡ್ಡ ಊರುಗಳ ಹೊಸ ಸಲಾಯಿನ್. ಅದಕ್ಕೆ ಖರ್ಚು ಹೆಚ್ಚು, ಪುರಾವೆ ಇನ್ನೂ ಕಡಿಮೆ. ಸ್ನಾಯು ಎಟಿಪಿಯನ್ನು ಬೇಗ ಮರಳಿ ಕಟ್ಟಿಕೊಳ್ಳಲು ಬಳಸುವ ಕ್ರಿಯಾಟಿನ್ ಮಾತ್ರ ತೂಕ ಎತ್ತುವ ವ್ಯಾಯಾಮದ ಜೊತೆ ಸ್ನಾಯುಬಲ ಹೆಚ್ಚಿಸುತ್ತದೆ, ಮತ್ತು ಶಾಖಾಹಾರಿಗಳ ಸ್ನಾಯುವಿನಲ್ಲಿ ಅದು ಮೊದಲೇ ಕಡಿಮೆಯಿರುತ್ತದೆ. ದಿನಕ್ಕೆ 3ರಿಂದ 5 ಗ್ರಾಂ ಸಾಕು; ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಫೆರಿಟಿನ್ ಮತ್ತು ಬಿ12 ತಪಾಸಣೆ ಮಾಡಿಸದವರು ಇವುಗಳಲ್ಲಿ ಯಾವುದನ್ನೂ ಕೊಳ್ಳದಿರುವುದೇ ಲೇಸು.

## ಆಳದ ಪ್ರಶ್ನೆಗಳು

"ಒಂದು ದಿನ ಸ್ವಲ್ಪ ಹೆಚ್ಚು ನಡೆದರೆ ಮರುದಿನ, ಅದರ ಮರುದಿನ ಹಾಸಿಗೆ ಹಿಡಿಯುತ್ತೇನೆ. ಆದರೂ ನಡೆಯಬೇಕೇ?"

ಬೇಡ. ಶ್ರಮಪಟ್ಟ ಒಂದೆರಡು ದಿನಗಳ ಮೇಲೆ ಉಲ್ಬಣಿಸಿ, ದಿನಗಟ್ಟಲೆ ಉಳಿಯುವ ಬಳಲಿಕೆ, ನಿದ್ದೆ ಮಾಡಿದರೂ ಹೋಗದ ದಣಿವು, ಮಂಕು ಕವಿದಂತಹ ಮರೆವು ಇವು ಆರು ವಾರಕ್ಕೂ ಮಿಕ್ಕಿ ಉಳಿದರೆ ಅದು ಬೇರೆಯದೇ ಕಾಯಿಲೆಯಾಗಿರಬಹುದು. ದೀರ್ಘಕಾಲದ ಬಳಲಿಕೆಯ ಕಾಯಿಲೆ ಎಂದು ಕರೆಯುವ ಇದು ಕೆಲವರಲ್ಲಿ ಕೋವಿಡ್‌ನ ನಂತರ ಬಂದಿದೆ. ಪ್ರತಿವಾರ ಕಡ್ಡಾಯವಾಗಿ ವ್ಯಾಯಾಮ ಏರಿಸುವ ಪದ್ಧತಿಯನ್ನು ಇಂಥವರಿಗೆ ಹೇಳಬಾರದೆಂದು ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿತು. ಇಂಥವರು ತಮ್ಮ ಮಿತಿ ಎಷ್ಟೆಂದು ಗುರುತಿಸಿ, ಅದು ಮುಟ್ಟುವ ಮುಂಚೆಯೇ ಕುಳಿತುಕೊಳ್ಳಬೇಕು. ರೊಟ್ಟಿ ಬಡಿಯುವಾಗ ಎತ್ತರದ ಸ್ಟೂಲಿನ ಮೇಲೆ ಕೂರುವುದು, ಬಟ್ಟೆ ಒಗೆಯುವುದನ್ನು ಎರಡು ದಿನಕ್ಕೆ ಹಂಚುವುದು ಹೀಗೆ. ಇದನ್ನು ಸೋಮಾರಿತನ ಎಂದು ಮನೆಯವರು ಆಡಿಕೊಳ್ಳಬಾರದು.

"ಬಿಪಿ, ಶುಗರ್, ಕೊಲೆಸ್ಟ್ರಾಲ್ ಗುಳಿಗೆಗಳು ಮೈಟೊಕಾಂಡ್ರಿಯ ಹಾಳು ಮಾಡುತ್ತವೆ ಎಂದು ಓದಿದೆ. ಬಿಟ್ಟುಬಿಡಲೇ?"

ಬಿಡಬೇಡಿ. ಮೆಟ್‌ಫಾರ್ಮಿನ್ ಮೈಟೊಕಾಂಡ್ರಿಯದ ಮೊದಲ ಕಿಣ್ವಸಮೂಹವನ್ನು ಅಲ್ಪ ಪ್ರಮಾಣದಲ್ಲಿ ತಡೆಯುತ್ತದೆ, ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ರಕ್ತದ ಕ್ಯೂ10 ಇಳಿಸುತ್ತದೆ ಎಂಬುದು ಸರಿ. ಆದರೆ ಹತೋಟಿ ತಪ್ಪಿದ ಸಕ್ಕರೆ ಮತ್ತು ಹೃದಯಾಘಾತದಿಂದಾಗುವ ಹಾನಿ ಅದಕ್ಕಿಂತ ಬಹಳ ದೊಡ್ಡದು. ಸ್ಟ್ಯಾಟಿನ್ ಆರಂಭಿಸಿದ ಮೇಲೆ ತೊಡೆ, ಭುಜ ನೋಯುತ್ತಿದ್ದರೆ ವೈದ್ಯರು ಸ್ನಾಯುವಿನ ಹಾನಿ ತೋರಿಸುವ ಸಿಕೆ ತಪಾಸಣೆ ಮಾಡಿಸಿ ಡೋಸನ್ನೋ ಔಷಧವನ್ನೋ ಬದಲಿಸಬಹುದು. ಮೈಟೊಕಾಂಡ್ರಿಯದ ವಂಶಪಾರಂಪರ್ಯ ಕಾಯಿಲೆ ಇರುವ ಮನೆಗಳಲ್ಲಿ ಮಾತ್ರ ಎರಡು ಔಷಧಗಳ ಬಗ್ಗೆ ವಿಶೇಷ ಎಚ್ಚರ ಬೇಕು: ಫಿಟ್ಸ್‌ಗೆ ಕೊಡುವ ವ್ಯಾಲ್‌ಪ್ರೊಯೇಟ್ ಅವರಲ್ಲಿ ಕೆಲವರ ಯಕೃತ್ತನ್ನು ಕೆಡಿಸಬಲ್ಲದು, ಮತ್ತು ಜೆಂಟಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಗುಂಪಿನ ಇಂಜೆಕ್ಷನ್ ಒಂದು ನಿರ್ದಿಷ್ಟ ವಂಶದೋಷ ಇರುವವರ ಕಿವಿಯನ್ನು ಕಾಯಂ ಕೆಡಿಸಬಲ್ಲದು. ತಾಯಿಯ ಕಡೆಯವರಲ್ಲಿ ಯಾರಿಗಾದರೂ ಇಂಜೆಕ್ಷನ್ ನಂತರ ಕಿವುಡು ಬಂದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಈಗಾಗಲೇ ನುಂಗುತ್ತಿರುವ ಫಿಟ್ಸ್ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು.

"ನಿಜವಾದ ಮೈಟೊಕಾಂಡ್ರಿಯ ಕಾಯಿಲೆ ಹೇಗಿರುತ್ತದೆ? ಯಾವಾಗ ಅನುಮಾನ ಪಡಬೇಕು?"

ಇದು ಸುಮಾರು ಐದು ಸಾವಿರಕ್ಕೆ ಒಬ್ಬರಲ್ಲಿ ಕಂಡುಬರುವ ಕಾಯಿಲೆಗಳ ಗುಂಪು. ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಹಲವು ಅಂಗಗಳು ಒಬ್ಬರಲ್ಲಿಯೇ ಕೆಡುವುದು ಇದರ ಗುರುತು. ಕಣ್ಣುರೆಪ್ಪೆ ಎರಡೂ ಕಡೆ ಜೋತು ಬಿದ್ದು ಕಣ್ಣುಗುಡ್ಡೆ ಹೊರಳದಿರುವುದು, ಸಣ್ಣ ವಯಸ್ಸಿನಲ್ಲಿ ಮಧುಮೇಹದ ಜೊತೆ ಕಿವುಡುತನ, ನಲವತ್ತರ ಒಳಗೆ ಪಾರ್ಶ್ವವಾಯುವಿನಂತಹ ಆಘಾತ, ಯೌವನದಲ್ಲಿ ಎರಡೂ ಕಣ್ಣಿನ ದೃಷ್ಟಿ ವಾರಗಳಲ್ಲಿ ಇಳಿಯುವುದು, ಮಗು ಕಲಿತದ್ದನ್ನು ಜ್ವರ ಬಂದಾಗಲೆಲ್ಲ ಮರೆಯುತ್ತಾ ಹೋಗುವುದು ಇವು ಅನುಮಾನಕ್ಕೆ ದಾರಿ. ಬರೀ ಸುಸ್ತು, ಉಳಿದೆಲ್ಲ ಸರಿ ಎಂದರೆ ಈ ಕಾಯಿಲೆಯ ಸಾಧ್ಯತೆ ತೀರಾ ಕಡಿಮೆ.

ಗ್ಲೂಕೋಸನ್ನು ಆಮ್ಲಜನಕವಿಲ್ಲದೆ ಒಡೆದಾಗ ಉಳಿಯುವ ಲ್ಯಾಕ್ಟೇಟ್ ರಕ್ತದಲ್ಲಿ ಏರಿದ್ದರೆ ಸುಳಿವು ಸಿಗುತ್ತದೆ, ಆದರೆ ರಟ್ಟೆಗೆ ಪಟ್ಟಿ ಬಿಗಿಯಾಗಿ ಕಟ್ಟಿ ರಕ್ತ ತೆಗೆದರೂ, ಮಗು ಅತ್ತು ಒದ್ದಾಡಿದರೂ ಅದು ಸುಳ್ಳೇ ಏರುತ್ತದೆ. ಕಾಯಿಲೆ ಇದ್ದೂ ಲ್ಯಾಕ್ಟೇಟ್ ಸರಿಯಿರುವುದೂ ಉಂಟು. ಖಚಿತಪಡಿಸುವುದು ಜೀನ್ ತಪಾಸಣೆ, ಕೆಲವೊಮ್ಮೆ ಸ್ನಾಯುವಿನ ಬಯಾಪ್ಸಿ. ನಮ್ಮ ಕಡೆಯ ನರರೋಗ ತಜ್ಞರು ಇಂಥವರನ್ನು ಸಾಮಾನ್ಯವಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸುತ್ತಾರೆ.

"ಅಕ್ಕನ ಮಗಳನ್ನ ಮಾಡಿಕೊಂಡೀವಿ. ಮೊದಲನೇ ಮಗುವಿಗೆ ಮೈಟೊಕಾಂಡ್ರಿಯ ಕಾಯಿಲೆ ಅಂದಾರ. ಇದು ತಾಯಿಯಿಂದ ಬಂದದ್ದೇ?"

ತಾಯಿಯನ್ನು ದೂರುವ ಮುಂಚೆ ಒಂದು ವಿಷಯ ತಿಳಿಯಬೇಕು. ಮೈಟೊಕಾಂಡ್ರಿಯಕ್ಕೆ ತನ್ನದೇ ಆದ ಪುಟ್ಟ ಡಿಎನ್‌ಎ ಇದೆ: 16,569 ಅಕ್ಷರಗಳು, 37 ಜೀನ್‌ಗಳು. ಅದು ಬರುವುದು ತಾಯಿಯಿಂದಲೇ. ಆದರೆ ಮೈಟೊಕಾಂಡ್ರಿಯ ಕೆಲಸ ಮಾಡಲು ಬೇಕಾದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳಲ್ಲಿ ಅದು ಕೊಡುವುದು 13 ಮಾತ್ರ. ಉಳಿದವೆಲ್ಲ ಕೋಶಕೇಂದ್ರದ ಜೀನ್‌ಗಳಿಂದ ಬರುತ್ತವೆ, ಅಂದರೆ ತಂದೆ ತಾಯಿ ಇಬ್ಬರಿಂದಲೂ. ಮಕ್ಕಳಲ್ಲಿ ಕಾಣುವ ಮೈಟೊಕಾಂಡ್ರಿಯ ಕಾಯಿಲೆಗಳಲ್ಲಿ ಬಹುಪಾಲು ಈ ಎರಡನೆಯ ಬಗೆಯವು. ಇಬ್ಬರಲ್ಲೂ ಒಂದೇ ದೋಷದ ಒಂದೊಂದು ಪ್ರತಿ ಇದ್ದಾಗ, ಅವರಿಬ್ಬರೂ ಗಟ್ಟಿಮುಟ್ಟಾಗಿಯೇ ಇದ್ದು, ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಇರುತ್ತದೆ. ಸೋದರಮಾವ, ಅಕ್ಕನ ಮಗಳು, ಅತ್ತೆ ಮಾವನ ಮಕ್ಕಳು ಹೀಗೆ ಒಂದೇ ಮನೆತನದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಒಂದೇ ದೋಷ ಇರುವ ಸಂಭವ ಹೆಚ್ಚು.

ಕಾಯಿಲೆ ತಾಯಿಯ ಮೈಟೊಕಾಂಡ್ರಿಯ ಡಿಎನ್‌ಎಯಿಂದಲೇ ಬಂದಿದ್ದರೆ ಲೆಕ್ಕ ಬೇರೆ. ಒಂದೇ ಕೋಶದಲ್ಲಿ ಸರಿಯಾದ ಮತ್ತು ಕೆಟ್ಟ ಮೈಟೊಕಾಂಡ್ರಿಯ ಡಿಎನ್‌ಎ ಎರಡೂ ಬೆರೆತಿರುವುದರಿಂದ, ಕೆಟ್ಟದ್ದರ ಪಾಲು ಎಷ್ಟು ಬಂತು ಎಂಬುದರ ಮೇಲೆ ಒಬ್ಬರಿಗೆ ಕಿವುಡು, ಇನ್ನೊಬ್ಬರಿಗೆ ಮಧುಮೇಹ, ಮತ್ತೊಬ್ಬರಿಗೆ ಏನೂ ಇಲ್ಲ ಎಂದಾಗಬಹುದು. ಆದ್ದರಿಂದ ಎರಡನೆಯ ಮಗುವಿನ ಯೋಚನೆ ಮಾಡುವ ಮುಂಚೆ ಮೊದಲ ಮಗುವಿನ ಜೀನ್ ತಪಾಸಣೆ ಪೂರ್ತಿಯಾಗಿ, ದೋಷ ಯಾವ ಜೀನಿನದು ಎಂದು ಬರೆಹದಲ್ಲಿ ಸಿಗಬೇಕು. ಅದು ಕೈಯಲ್ಲಿದ್ದರೆ, ಕೋಶಕೇಂದ್ರದ ಜೀನಿನ ದೋಷವನ್ನು ಮುಂದಿನ ಬಸಿರಿನ ಹನ್ನೊಂದನೆಯ ವಾರದ ಸುಮಾರಿಗೆ ಮಾಸುಚೀಲದ ಸಣ್ಣ ತುಣುಕಿನಿಂದ ಪರೀಕ್ಷಿಸಬಹುದು. ಎರಡನೆಯ ಬಸಿರು ನಿಂತ ಮೇಲೆ ಮೊದಲ ಮಗುವಿನ ತಪಾಸಣೆಗೆ ಓಡಾಡಿದರೆ ವರದಿ ಬರುವಷ್ಟರಲ್ಲಿ ಆ ವಾರಗಳು ದಾಟಿರುತ್ತವೆ.